ಕೊಲೆಗೆ ಮುಂಚೆ ಬಂದ ಪತ್ತೇದಾರ



ಕಥನ ಸಾಹಿತ್ಯದ ಯಾವುದಾದರೂ ಒಂದು ಕೃತಿಯನ್ನು ಹಿಡಿದು ವಿವರವಾಗಿ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ಒಂದು ಪತ್ತೇದಾರಿ ಕಾದಂಬರಿ. ಇಂಥ ವೇದಿಕೆಗೆ ಪತ್ತೇದಾರಿ ತಕ್ಕದ್ದೇ ಎಂದು ಕೇಳುವವರು ಈಗಲೂ ಇದ್ದಾರೆ. ತಕ್ಕದ್ದು ಎಂಬುದು ನನ್ನ ದೃಢವಾದ ನಂಬಿಕೆ. ಜನ ನಿದ್ದೆಗೆಟ್ಟು ಓದುವ ಪ್ರಕಾರವನ್ನು ವಿಮರ್ಶೆ ಹೊಸಿಲಾಚೆ ನಿಲ್ಲಿಸಿದರೆ ಅದರಿಂದ ಬಡವಾಗುವುದು ವಿಮರ್ಶೆಯೇ. ಸತ್ಯ ಎಂದರೇನು, ಅದನ್ನು ತಿಳಿಯುವುದು ಹೇಗೆ, ತಿಳಿದ ಮೇಲೆ ಮಾಡಬೇಕಾದದ್ದೇನು ಎಂಬ ಮೂರು ಪ್ರಶ್ನೆಗಳನ್ನು ಪತ್ತೇದಾರಿ ಕಥೆಯಷ್ಟು ನೇರವಾಗಿ ಎತ್ತಿಕೊಳ್ಳುವ ಪ್ರಕಾರ ಇನ್ನೊಂದಿಲ್ಲ.

ಅದರ ಕಟ್ಟುಪಾಡು ನಿಮಗೆಲ್ಲ ಗೊತ್ತು. ಹೆಣ ಬಿದ್ದ ಮೇಲೆ ಕಥೆ ಶುರು. ಪತ್ತೇದಾರ ಬರುತ್ತಾನೆ, ಹೆಜ್ಜೆಗುರುತು ನೋಡುತ್ತಾನೆ, ಮನೆಮಂದಿಯನ್ನು ವಿಚಾರಿಸುತ್ತಾನೆ, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೊಲೆಗಾರನತ್ತ ಬೆರಳು ತೋರಿಸುತ್ತಾನೆ. ಅವನು ಎಷ್ಟೇ ಜಾಣನಾಗಿದ್ದರೂ ಸತ್ತವರನ್ನು ಎಬ್ಬಿಸಲಾರ. ಅವನಿಗೆ ಸಿಗುವುದು ತಿಳಿವಳಿಕೆ ಮಾತ್ರ. ಓದುಗರಾದ ನಮಗೂ ಅಷ್ಟೇ. ಆದರೆ ಆ ಪತ್ತೇದಾರನನ್ನೇ ಕೊಲೆ ನಡೆಯುವುದಕ್ಕೆ ಮುಂಚಿನ ದಿನಕ್ಕೆ ಕಳಿಸಿಬಿಟ್ಟರೆ? ಕೊಲೆಗಾರ ಯಾರೆಂದು ಅವನಿಗೆ ಗೊತ್ತಿದೆ, ಕೊಲೆಗಾರನಿಗೇ ಇನ್ನೂ ಗೊತ್ತಿಲ್ಲ. ಆಗ ಅವನೇನು ಮಾಡಬೇಕು? ಸ್ಟೀಫನ್ ಕಿಂಗ್ ಅವರ ‘11/22/63’ ಈ ಪ್ರಶ್ನೆಯ ಮೇಲೆ ನಿಂತ ಕಾದಂಬರಿ.

ಹೆಸರು ಒಂದು ತಾರೀಖು. ಅಮೆರಿಕದ ರೂಢಿಯಂತೆ ತಿಂಗಳು ಮೊದಲು ಬಂದಿದೆ. 1963ರ ನವೆಂಬರ್ 22ರ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಟೆಕ್ಸಸ್‌ನ ಡಲ್ಲಾಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಗುಂಡು ತಗುಲಿತು. ಈ ವಸ್ತುವನ್ನು ಕಿಂಗ್ 1970ರ ದಶಕದ ಆರಂಭದಲ್ಲೇ ಕೈಗೆತ್ತಿಕೊಂಡು ಬಿಟ್ಟಿದ್ದರು. ಆಗ ಅವರು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಇದಕ್ಕೆ ಬೇಕಾದ ಅಧ್ಯಯನ ತಮ್ಮ ಶಕ್ತಿ ಮೀರಿದ್ದು ಎನಿಸಿತ್ತು, ಜನರ ಗಾಯವೂ ಇನ್ನೂ ಹಸಿಯಾಗಿತ್ತು. ಪುಸ್ತಕ ಬಂದದ್ದು 2011ರ ನವೆಂಬರ್‌ನಲ್ಲಿ. ಆ ವರ್ಷದ ಲಾಸ್ ಏಂಜಲೀಸ್ ಟೈಮ್ಸ್ ಪುಸ್ತಕ ಬಹುಮಾನ ಇದಕ್ಕೆ ಬಂತು, ಅದೂ ಪತ್ತೇದಾರಿ ಮತ್ತು ರೋಮಾಂಚಕ ಕಾದಂಬರಿಗಳ ವಿಭಾಗದಲ್ಲಿ. ಕಾಲಯಾನದ ಕಥೆಯನ್ನು ಆ ವಿಭಾಗಕ್ಕೆ ಸೇರಿಸಿದವರು ಕಾದಂಬರಿಯ ಜೀವ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಿದ್ದಾರೆ.

ಕಥೆ ಹೀಗಿದೆ. ಮೇನ್ ರಾಜ್ಯದ ಲಿಸ್ಬನ್ ಫಾಲ್ಸ್ ಎಂಬ ಸಣ್ಣ ಊರಲ್ಲಿ ಜೇಕ್ ಎಪಿಂಗ್ ಇಂಗ್ಲಿಷ್ ಮೇಷ್ಟ್ರು. ಅಲ್ಲಿ ಆಲ್ ಟೆಂಪಲ್‌ಟನ್ ಎಂಬುವನದು ಒಂದು ಸಣ್ಣ ಹೋಟೆಲು. ಅವನ ಬರ್ಗರ್ ಎಷ್ಟು ಅಗ್ಗವೆಂದರೆ ಅದು ಬೆಕ್ಕಿನ ಮಾಂಸ ಎಂದೇ ಊರವರ ಗುಮಾನಿ. ನಿಜ ಸಂಗತಿ ಬೇರೆ. ಹೋಟೆಲಿನ ಉಗ್ರಾಣದ ಹಿಂಬದಿಯಲ್ಲಿ ಕಣ್ಣಿಗೆ ಕಾಣದ ಮೆಟ್ಟಿಲುಗಳಿವೆ. ಇಳಿದರೆ 1958ರ ಸೆಪ್ಟೆಂಬರ್ 9, ಬೆಳಿಗ್ಗೆ 11 ಗಂಟೆ 58 ನಿಮಿಷ. ಆಲ್ ಆ ದಿನಕ್ಕೆ ಇಳಿದು ಅಂದಿನ ಬೆಲೆಗೆ ಅದೇ ಅಂಗಡಿಯ ಅದೇ ಮಾಂಸವನ್ನು ಮತ್ತೆ ಮತ್ತೆ ಕೊಂಡು ತರುತ್ತಿದ್ದಾನೆ! ಯಾವಾಗ ಇಳಿದರೂ ಅದೇ ದಿನ, ಅದೇ ನಿಮಿಷ. ಅಲ್ಲಿ ಒಂದು ಗಂಟೆ ಇರಿ, ನಾಲ್ಕು ವರ್ಷ ಇರಿ, ಮೇಲೆ ಬಂದಾಗ ಇಲ್ಲಿ ಕಳೆದಿರುವುದು ಎರಡೇ ನಿಮಿಷ. ಅಲ್ಲಿ ಮಾಡಿದ ಬದಲಾವಣೆ ಇಲ್ಲಿ ಉಳಿಯುತ್ತದೆ. ಆದರೆ ಮತ್ತೊಮ್ಮೆ ಇಳಿದರೆ ಹಿಂದೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಈ ಕೊನೆಯ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಾದಂಬರಿಯ ಸಂಕಟವೆಲ್ಲ ಅದರಲ್ಲೇ ಅಡಗಿದೆ.

ಆಲ್‌ಗೆ ಶ್ವಾಸಕೋಶದ ಕ್ಯಾನ್ಸರ್. ಕೆನಡಿಯವರನ್ನು ಉಳಿಸಬೇಕೆಂದು ಇಳಿದು ಹೋದವನು ಕಾಯಿಲೆಯಿಂದ ಮಧ್ಯದಲ್ಲೇ ಮೇಲೆ ಬಂದಿದ್ದಾನೆ. ನಿನ್ನೆ ಗಟ್ಟಿಮುಟ್ಟಾಗಿದ್ದವನು ಇವತ್ತು ಮೂಳೆ ಚರ್ಮ. ಕೆಲಸವನ್ನು ಜೇಕ್‌ನ ಹೆಗಲಿಗೆ ಹಾಕುತ್ತಾನೆ. ಕೆನಡಿ ಬದುಕಿದರೆ ವಿಯೆಟ್ನಾಮ್ ಯುದ್ಧ ಅಷ್ಟು ಬೆಳೆಯದು, ಸಾವಿರಾರು ಹುಡುಗರು ಉಳಿಯುತ್ತಾರೆ ಎಂಬುದು ಅವನ ಲೆಕ್ಕ. ಆದರೆ ಜೇಕ್ ಮೆಟ್ಟಿಲಿಳಿಯಲು ಒಪ್ಪುವುದು ಕೆನಡಿಗಾಗಿ ಅಲ್ಲ. ಹ್ಯಾರಿ ಡನಿಂಗ್ ಎಂಬ ಶಾಲೆಯ ಜವಾನನಿಗಾಗಿ.

ಹ್ಯಾರಿ ಕುಂಟುತ್ತಾ ಕಸ ಗುಡಿಸುವ ಮನುಷ್ಯ. ಹುಡುಗರು ಅವನಿಗೆ ಅಡ್ಡಹೆಸರಿಟ್ಟು ನಗುತ್ತಾರೆ. ದೊಡ್ಡವರಿಗೆ ನಡೆಯುವ ಪರೀಕ್ಷೆ ಕಟ್ಟಲು ಅವನು ಜೇಕ್‌ನ ಸಂಜೆ ತರಗತಿಗೆ ಬರುತ್ತಾನೆ. ತನ್ನ ಬದುಕನ್ನು ಬದಲಿಸಿದ ದಿನದ ಬಗ್ಗೆ ಪ್ರಬಂಧ ಬರೆಯಿರಿ ಎಂದು ಮೇಷ್ಟ್ರು ಹೇಳಿದಾಗ ಅವನು ಕಾಗುಣಿತದ ತಪ್ಪುಗಳ ನಡುವೆ ಬರೆಯುವುದು ಇದು: 1958ರ ಹ್ಯಾಲೋವೀನ್ ಹಬ್ಬದ ರಾತ್ರಿ ಅಪ್ಪ ಸುತ್ತಿಗೆ ಹಿಡಿದು ಮನೆಗೆ ಬಂದ, ಅಮ್ಮ, ಅಣ್ಣತಮ್ಮಂದಿರು, ತಂಗಿ ಯಾರೂ ಉಳಿಯಲಿಲ್ಲ, ನಾನು ಉಳಿದೆ, ಕಾಲು ಹೋಯಿತು. ಕಣ್ಣೀರು ಬಾರದ ಗಂಡಸು ಎಂದು ಹೆಂಡತಿಯಿಂದ ಆಪಾದನೆ ಕೇಳಿದ ಜೇಕ್ ಆ ಹಾಳೆಗಳ ಮುಂದೆ ಅಳುತ್ತಾನೆ. ಕಾದಂಬರಿ ಶುರುವಾಗುವುದೇ ಅಲ್ಲಿಂದ. ದೇಶದ ಅಧ್ಯಕ್ಷನ ಹತ್ಯೆಗೂ ಒಬ್ಬ ಜವಾನನ ಮನೆಯ ಹತ್ಯೆಗೂ ಒಂದೇ ತೂಕ ಕೊಟ್ಟದ್ದು ಕಿಂಗ್ ಅವರ ದೊಡ್ಡತನ ಎಂದು ನನಗೆ ಅನ್ನಿಸಿದೆ. ಈ ಪುಸ್ತಕದ ಬಗ್ಗೆ ಬರೆದವರು ಬಹುಪಾಲು ಡಲ್ಲಾಸನ್ನೇ ಚರ್ಚಿಸುತ್ತಾರೆ. ನಾನು ಹ್ಯಾರಿಯ ಊರಾದ ಡೆರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೊದಲ ಸಲ ಜೇಕ್ ಆ ರಾತ್ರಿಯೇ ಮನೆಗೆ ನುಗ್ಗಿ ತಡೆಯಲು ನೋಡುತ್ತಾನೆ. ಆ ದಿನ ಬೆಳಗಿನಿಂದ ಅವನಿಗೆ ನಿಲ್ಲಲಾಗದಷ್ಟು ಹೊಟ್ಟೆ ಕೆಟ್ಟಿರುತ್ತದೆ. ಭೂತಕಾಲ ಬದಲಾಗಲು ಒಪ್ಪದೆ ಅಡ್ಡಗಟ್ಟುತ್ತದೆ ಎಂಬುದು ಕಾದಂಬರಿಯ ಇನ್ನೊಂದು ನಿಯಮ: ಟೈರು ಒಡೆಯುತ್ತದೆ, ಕಾಯಿಲೆ ಬರುತ್ತದೆ, ಬದಲಾವಣೆ ದೊಡ್ಡದಾದಷ್ಟೂ ಅಡ್ಡಿಯೂ ದೊಡ್ಡದು. ಹೇಗೋ ಮನೆಮಂದಿಯಲ್ಲಿ ಹೆಚ್ಚಿನವರು ಉಳಿಯುತ್ತಾರೆ, ಒಬ್ಬ ಹುಡುಗ ಸಾಯುತ್ತಾನೆ. 2011ಕ್ಕೆ ಮರಳಿ ಹ್ಯಾರಿ ಏನಾದ ಎಂದು ಹುಡುಕಿದರೆ ಸಿಗುವ ಉತ್ತರ ಎದೆ ನಡುಗಿಸುತ್ತದೆ. ಕಾಲು ಸರಿಯಿದ್ದ ಹ್ಯಾರಿ ಸೈನ್ಯಕ್ಕೆ ಸೇರಿ ವಿಯೆಟ್ನಾಮ್ ಯುದ್ಧದಲ್ಲಿ ಸತ್ತಿದ್ದಾನೆ. ಅವನನ್ನು ಇಷ್ಟು ವರ್ಷ ಬದುಕಿಸಿದ್ದು ಆ ಕುಂಟುಗಾಲು.

ಮತ್ತೆ ಇಳಿಯಬೇಕು. ಇಳಿದ ಕ್ಷಣದಲ್ಲಿ ಉಳಿಸಿದವರೆಲ್ಲ ಮತ್ತೆ ಸಾವಿನ ಸಾಲಿನಲ್ಲಿ ನಿಲ್ಲುತ್ತಾರೆ. ಈ ಸಲ ಜೇಕ್ ಕಾಯುವುದಿಲ್ಲ. ಹಬ್ಬಕ್ಕೆ ಇನ್ನೂ ವಾರಗಳಿರುವಾಗಲೇ ಹ್ಯಾರಿಯ ಅಪ್ಪ ಫ್ರಾಂಕ್ ಡನಿಂಗ್ ತನ್ನ ತಂದೆತಾಯಿಯ ಗೋರಿಗೆ ಹೂವಿಡಲು ಸ್ಮಶಾನಕ್ಕೆ ಬಂದಾಗ ಅಲ್ಲೇ ಗುಂಡಿಟ್ಟು ಕೊಲ್ಲುತ್ತಾನೆ. ಈ ದೃಶ್ಯವನ್ನು ಓದುವಾಗ ಪುಸ್ತಕ ಮುಚ್ಚಿ ಯೋಚಿಸಬೇಕಾಗುತ್ತದೆ. ಫ್ರಾಂಕ್ ಕಟುಕನ ಅಂಗಡಿಯಲ್ಲಿ ನಗುನಗುತ್ತಾ ಗಿರಾಕಿಗಳನ್ನು ಮಾತಾಡಿಸುವವನು, ಊರಿಗೆ ಬೇಕಾದವನು. ಸುತ್ತಿಗೆಯನ್ನು ಇನ್ನೂ ಎತ್ತಿಲ್ಲ. ಅವನ ಮೊದಲ ಹೆಂಡತಿಯ ಸಾವಿನ ಬಗ್ಗೆ ಆಕೆಯ ಸೋದರನಿಗೆ ಗಾಢವಾದ ಅನುಮಾನವಿದೆ, ನಿಜ. ಸಾಕ್ಷಿ ಇಲ್ಲ. ಜೇಕ್‌ನ ಬಳಿ ಇರುವ ಏಕೈಕ ಸಾಕ್ಷಿ ಎಂದರೆ ಅರ್ಧ ಶತಮಾನದ ನಂತರ ಒಬ್ಬ ಜವಾನ ಬರೆಯಲಿರುವ ಪ್ರಬಂಧ. ಯಾವ ನ್ಯಾಯಾಲಯವೂ ಅದನ್ನು ಸ್ವೀಕರಿಸದು. ಕಾನೂನು ಮಾಡಿದ ಕೃತ್ಯಕ್ಕೆ ಶಿಕ್ಷೆ ಕೊಡುತ್ತದೆ. ಮಾಡಲಿರುವ ಕೃತ್ಯಕ್ಕೆ ಯಾರನ್ನೂ ಗಲ್ಲಿಗೇರಿಸುವುದಿಲ್ಲ. ಮಕ್ಕಳು ಬದುಕುತ್ತಾರೆ ಎಂದು ನಮಗೆ ಗೊತ್ತು, ಹೂವಿಡುತ್ತಿದ್ದ ಮನುಷ್ಯನ ಬೆನ್ನ ಹಿಂದೆ ಬಂದೂಕು ಹಿಡಿದು ನಿಂತವನು ನಮ್ಮ ಕಥಾನಾಯಕ ಎಂಬುದೂ ಗೊತ್ತು. ಎರಡನ್ನೂ ಕಿಂಗ್ ನಮ್ಮ ಮುಂದೆ ಇಟ್ಟು ಸುಮ್ಮನಾಗುತ್ತಾರೆ, ಸಮಜಾಯಿಷಿಗೆ ಹೋಗುವುದಿಲ್ಲ.

ಇದನ್ನು ದಾಟಿದ ಮೇಲೆ, ಕೆನಡಿಯವರನ್ನು ಕೊಂದನೆಂಬ ಆರೋಪ ಹೊತ್ತ ಲೀ ಹಾರ್ವೇ ಆಸ್ವಾಲ್ಡ್‌ನ ಸರದಿ. ಫ್ರಾಂಕ್‌ನನ್ನು ಕೊಂದಂತೆ ಅವನನ್ನೂ ಮೊದಲೇ ಕೊಂದುಬಿಡಬಹುದಲ್ಲ? ಕೊಲ್ಲುವಂತಿಲ್ಲ, ಏಕೆಂದರೆ ಜೇಕ್‌ಗೆ ಖಾತ್ರಿಯಿಲ್ಲ. ಖಾತ್ರಿಯಿಲ್ಲದ್ದು ಅವನೊಬ್ಬನಿಗೇ ಅಲ್ಲ. 1964ರ ಸೆಪ್ಟೆಂಬರ್‌ನಲ್ಲಿ ವಾರೆನ್ ಆಯೋಗ 888 ಪುಟಗಳ ವರದಿಯಲ್ಲಿ ಆಸ್ವಾಲ್ಡ್ ಒಬ್ಬನೇ ಕೊಂದ ಎಂದಿತು. 1979ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿ, ಪೊಲೀಸ್ ರೇಡಿಯೋದ ಧ್ವನಿಮುದ್ರಣವನ್ನು ಆಧರಿಸಿ, ಇನ್ನೊಬ್ಬ ಬಂದೂಕುಧಾರಿಯೂ ಇದ್ದ, ಬಹುಶಃ ಪಿತೂರಿ ನಡೆದಿತ್ತು ಎಂದಿತು. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಆ ಧ್ವನಿಯ ಸಾಕ್ಷ್ಯ ನಿಲ್ಲುವುದಿಲ್ಲ ಎಂದರು. ಆಸ್ವಾಲ್ಡ್‌ನ ಬಾಯಿಂದಲೇ ಕೇಳೋಣವೆಂದರೆ ಹತ್ಯೆಯ ಎರಡನೇ ದಿನವೇ ಪೊಲೀಸರ ನಡುವೆ ಜಾಕ್ ರೂಬಿ ಎಂಬುವನು ಅವನನ್ನು ಕೊಂದ. ತಪ್ಪು ಮನುಷ್ಯನನ್ನು ಕೊಂದರೆ ನಿಜವಾದ ಕೊಲೆಗಾರ ನವೆಂಬರ್ 22ರಂದು ತನ್ನ ಕೆಲಸ ಮುಗಿಸಿಯೇ ತೀರುತ್ತಾನೆ. ಹಾಗಾಗಿ ಜೇಕ್ ಆಸ್ವಾಲ್ಡ್‌ನ ಮನೆಯೆದುರು ಬಾಡಿಗೆ ಮನೆ ಹಿಡಿಯುತ್ತಾನೆ, ಮುಂದೆ ಡಲ್ಲಾಸ್‌ನ ನೀಲಿ ಸ್ಟ್ರೀಟ್‌ನಲ್ಲಿ ಅವನ ಕೆಳಮಹಡಿಗೇ ಬರುತ್ತಾನೆ, ಅವನ ಮನೆಯ ದೀಪದೊಳಗೆ ಕದ್ದು ಕೇಳುವ ಯಂತ್ರ ಅಡಗಿಸುತ್ತಾನೆ. ಇಲ್ಲಿ ಕಾದಂಬರಿ ಅಪ್ಪಟ ಪತ್ತೇದಾರಿಯಾಗುತ್ತದೆ. ಪತ್ತೆ ಮಾಡಬೇಕಾದ್ದು ಒಂದೇ ಸಂಗತಿ: 1963ರ ಏಪ್ರಿಲ್ 10ರ ರಾತ್ರಿ ಆಸ್ವಾಲ್ಡ್ ಒಬ್ಬನೇ ಇದ್ದನೇ?

ಏಪ್ರಿಲ್ 10ರ ಘಟನೆ ಕಿಂಗ್ ಹೆಣೆದದ್ದಲ್ಲ, ನಡೆದದ್ದು. ಎಡ್ವಿನ್ ವಾಕರ್ ಎಂಬ ಮಾಜಿ ಸೇನಾಧಿಕಾರಿ ಡಲ್ಲಾಸ್‌ನಲ್ಲಿದ್ದ. ಕರಿಯರಿಗೆ ಸಮಾನ ಹಕ್ಕು ಕೊಡುವುದನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದವನು. ಆ ರಾತ್ರಿ ಮನೆಯಲ್ಲಿ ಮೇಜಿನ ಮುಂದೆ ಕೂತಿದ್ದಾಗ ಹೊರಗಿನಿಂದ ಗುಂಡು ಹಾರಿತು. ಗುಂಡು ಕಿಟಕಿಯ ಚೌಕಟ್ಟಿನ ಮರಕ್ಕೆ ತಗುಲಿ ದಿಕ್ಕು ಬದಲಿಸಿತು. ವಾಕರ್‌ನ ಕೈಗೆ ಚೂರುಗಳು ತರಚಿದವು, ಅಷ್ಟೇ. ಡಲ್ಲಾಸ್ ಪೊಲೀಸರಿಗೆ ಗುಂಡು ಹಾರಿಸಿದವನು ಸಿಗಲಿಲ್ಲ. ಕೆನಡಿ ಹತ್ಯೆಯಾದ ಮೇಲೆ ಆಸ್ವಾಲ್ಡ್‌ನ ಹೆಂಡತಿ ಮರೀನಾ ಹೇಳಿಕೆ ಕೊಟ್ಟಳು, ಅವನು ಬರೆದಿಟ್ಟಿದ್ದ ಚೀಟಿಯೂ ವಾಕರ್ ಮನೆಯ ಫೋಟೋಗಳೂ ಸಿಕ್ಕವು, ಆಗ ಗುಟ್ಟು ಹೊರಬಿತ್ತು. ಅಂದಮೇಲೆ ಏಪ್ರಿಲ್‌ನಲ್ಲೇ ಪೊಲೀಸರು ಆ ಸಣ್ಣ ಪ್ರಕರಣವನ್ನು ಬಿಡಿಸಿದ್ದರೆ ನವೆಂಬರ್‌ನಲ್ಲಿ ಆಸ್ವಾಲ್ಡ್ ಜೈಲಿನಲ್ಲಿರುತ್ತಿದ್ದ. ಚರಿತ್ರೆಯನ್ನು ತಿದ್ದಲು ಕಾಲಯಂತ್ರ ಬೇಕಿರಲಿಲ್ಲ, ಠಾಣೆಯ ಮಟ್ಟದ ಒಂದು ಒಳ್ಳೆಯ ತನಿಖೆ ಸಾಕಿತ್ತು.

ಇನ್ನೊಂದು ನಿಜ ಸಂಗತಿಯನ್ನು ಹೇಳಲೇಬೇಕು. 1963ರ ಅಕ್ಟೋಬರ್‌ನಲ್ಲಿ ಆಸ್ವಾಲ್ಡ್‌ಗೆ ಕೆಲಸವಿರಲಿಲ್ಲ. ಮರೀನಾ ತುಂಬು ಗರ್ಭಿಣಿ. ರೂತ್ ಪೇನ್ ಎಂಬಾಕೆ ಅವಳನ್ನು ಡಲ್ಲಾಸ್ ಪಕ್ಕದ ಅರ್ವಿಂಗ್‌ನ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳು. ನೆರೆಮನೆಯ ಹೆಂಗಸರು ಕೂತು ಮಾತಾಡುವಾಗ ಒಬ್ಬಾಕೆ, ತನ್ನ ತಮ್ಮನಿರುವ ಪುಸ್ತಕದ ಗೋದಾಮಿನಲ್ಲಿ ಕೆಲಸ ಸಿಗಬಹುದು ಎಂದಳು. ರೂತ್ ಫೋನ್ ಮಾಡಿದಳು. ಕೆಲಸ ಸಿಕ್ಕಿತು. ಅಕ್ಟೋಬರ್ 16ರಂದು ಆಸ್ವಾಲ್ಡ್ ಸೇರಿಕೊಂಡ. ಕೆನಡಿ ಮೆರವಣಿಗೆ ಆ ಕಟ್ಟಡದ ಮುಂದೆ ಹಾಯುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಾರ್ಗ ಪತ್ರಿಕೆಗಳಲ್ಲಿ ಬಂದದ್ದು ನವೆಂಬರ್‌ನಲ್ಲಿ. ಹತ್ಯೆಯ ಹಿಂದಿನ ರಾತ್ರಿ ಆಸ್ವಾಲ್ಡ್ ಅರ್ವಿಂಗ್‌ಗೆ ಬಂದು, ಡಲ್ಲಾಸ್‌ನಲ್ಲಿ ಮನೆ ಮಾಡೋಣ, ಬಾ ಎಂದು ಹೆಂಡತಿಯನ್ನು ಮತ್ತೆ ಮತ್ತೆ ಕರೆದ. ಮುನಿಸಿಕೊಂಡಿದ್ದ ಆಕೆ ಒಪ್ಪಲಿಲ್ಲ. ಬೆಳಿಗ್ಗೆ ಅವನು ಹೊರಟಾಗ ಮದುವೆಯ ಉಂಗುರವನ್ನು ಒಂದು ಬಟ್ಟಲಿನಲ್ಲಿ ಬಿಟ್ಟಿದ್ದ, 170 ಡಾಲರ್‌ಗಳನ್ನು ಮನೆಯಲ್ಲೇ ಇಟ್ಟಿದ್ದ. ಗ್ಯಾರೇಜಿನಲ್ಲಿ ಕಂಬಳಿಯಲ್ಲಿ ಸುತ್ತಿಟ್ಟಿದ್ದ ರೈಫಲ್ ಇರಲಿಲ್ಲ. ಇವೆಲ್ಲ ಆಯೋಗದ ದಾಖಲೆಯಲ್ಲಿವೆ.

ಭೂತಕಾಲ ಬದಲಾಗಲು ಒಪ್ಪುವುದಿಲ್ಲ ಎಂಬ ಕಿಂಗ್ ಅವರ ನಿಯಮಕ್ಕೆ ಇಲ್ಲಿ ಅರ್ಥ ಸಿಗುತ್ತದೆ ಎಂದು ನನ್ನ ಅಭಿಪ್ರಾಯ. ಆ ಶುಕ್ರವಾರದ ಹಿಂದೆ ಒಬ್ಬ ನೆರೆಯವಳ ಕರುಣೆಯಿದೆ, ಬಸುರಿಗೆ ಕೊಟ್ಟ ಆಸರೆಯಿದೆ, ಗಂಡಹೆಂಡಿರ ಜಗಳವಿದೆ. ದೊಡ್ಡ ದಿನ ಎನ್ನುವುದು ಇಂಥ ನೂರು ಮನೆಮಾತುಗಳಿಂದ ನೇಯ್ದ ಬಟ್ಟೆ. ಒಂದು ಎಳೆ ಹಿಡಿದು ಎಳೆಯಲು ಹೋದವನ ಕೈಗೆ ರೂತ್ ಪೇನ್‌ಳ ಒಳ್ಳೆಯತನವೂ ಬಂದುಬಿಡುತ್ತದೆ. ಅದನ್ನು ಕಿತ್ತು ಎಸೆಯಲು ಯಾರಿಗೆ ಮನಸ್ಸು ಬಂದೀತು?

ಒಂದು ಗುಂಡು ಸ್ವಲ್ಪ ಆಚೀಚೆ ಸರಿದರೆ ಚರಿತ್ರೆ ಬೇರೆಯಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಭಾರತದಲ್ಲಿ ಸೊಗಸಾಗಿ ಎತ್ತಿಕೊಂಡವರು ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ನಾರಳೀಕರ್. ಅವರ ಒಂದು ಮರಾಠಿ ಕಥೆಯಲ್ಲಿ ಗಂಗಾಧರಪಂತ ಎಂಬ ಇತಿಹಾಸದ ಪ್ರಾಧ್ಯಾಪಕ ಅಪಘಾತದ ನಂತರ ಬೇರೊಂದು ಭಾರತಕ್ಕೆ ಹೋಗಿಬಿಡುತ್ತಾನೆ. 1761ರ ಪಾಣಿಪತ್ ಯುದ್ಧದಲ್ಲಿ ಮರಾಠ ನಾಯಕ ವಿಶ್ವಾಸರಾಯನನ್ನು ಕೊಂದ ಗುಂಡು ಅಲ್ಲಿ ಅವನ ಕಿವಿಯ ಪಕ್ಕದಲ್ಲೇ ಹಾದುಹೋಗಿದೆ, ಮರಾಠರು ಗೆದ್ದಿದ್ದಾರೆ. ಇಂಗ್ಲಿಷ್ ರೂಪದಲ್ಲಿ ಈ ಕಥೆ ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿರುವುದರಿಂದ ಇಲ್ಲಿರುವ ಕೆಲವರಾದರೂ ಓದಿರುತ್ತೀರಿ. ನಾರಳೀಕರರ ಪ್ರಾಧ್ಯಾಪಕ ಬೇರೆ ಚರಿತ್ರೆಯನ್ನು ನೋಡಿ ಬರುತ್ತಾನೆ, ಮುಟ್ಟುವುದಿಲ್ಲ. ಕೈಯಲ್ಲಿ ಉಳಿಯುವುದು ಬಖರ್ ಎಂಬ ಮರಾಠಿ ಇತಿಹಾಸಗ್ರಂಥದ ಹರಿದ ಒಂದು ಹಾಳೆ. ಅಲ್ಲಿ ವಿಜ್ಞಾನಿಯ ಕುತೂಹಲವಿದೆ, ಕಿಂಗ್‌ರಲ್ಲಿರುವ ಪಾಪಪ್ರಜ್ಞೆ ಇಲ್ಲ.

ಕಾಲದಲ್ಲಿ ಹಿಂದಕ್ಕೆ ಹೋಗುವುದು ಸಾಧ್ಯವೇ ಎಂಬ ಭೌತವಿಜ್ಞಾನದ ಚರ್ಚೆಯನ್ನು ನಾನು ಮುಟ್ಟುವುದಿಲ್ಲ. ಐನ್‌ಸ್ಟೈನ್ ಸಮೀಕರಣಗಳಿಗೆ ಅಂಥ ದಾರಿಯಿರುವ ಒಂದು ಪರಿಹಾರವನ್ನು 1949ರಲ್ಲಿ ಗಣಿತಜ್ಞ ಗೋಡೆಲ್ ತೋರಿಸಿದ್ದರು, ಪ್ರಕೃತಿ ಅದನ್ನು ಬಿಡಲಾರದು ಎಂದು 1992ರಲ್ಲಿ ಸ್ಟೀಫನ್ ಹಾಕಿಂಗ್ ವಾದಿಸಿದರು ಎಂದಷ್ಟೇ ಹೇಳಿದರೆ ಸಾಕು. ಕಾದಂಬರಿಗೆ ಬೇಕಾದದ್ದು ಉಗ್ರಾಣದ ಮೆಟ್ಟಿಲು ಮಾತ್ರ.

ಹಿಂದಕ್ಕೆ ಹೋದ ಮೇಲೆ ಅಲ್ಲಿ ಬಾಳಬೇಕಲ್ಲ. 1958ರಿಂದ 1963ರವರೆಗೆ ಐದು ವರ್ಷಕ್ಕೂ ಹೆಚ್ಚು ಕಾಲ ಕಾಯುವುದೇ ಜೇಕ್‌ನ ಪಾಡು. ಜಾರ್ಜ್ ಆಂಬರ್‌ಸನ್ ಎಂಬ ಹೆಸರಿಟ್ಟುಕೊಂಡು ಟೆಕ್ಸಸ್‌ನ ಜೋಡಿ ಎಂಬ ಕಲ್ಪಿತ ಊರಿನಲ್ಲಿ ಮತ್ತೆ ಮೇಷ್ಟ್ರಾಗುತ್ತಾನೆ, ಹುಡುಗರಿಂದ ನಾಟಕ ಆಡಿಸುತ್ತಾನೆ, ಫುಟ್‌ಬಾಲ್ ಬಿಟ್ಟು ಬೇರೇನೂ ಬಾರದೆಂದು ಎಲ್ಲರೂ ತಿಳಿದಿದ್ದ ಹುಡುಗನಿಂದ ಅದ್ಭುತವಾದ ಅಭಿನಯ ತೆಗೆಸುತ್ತಾನೆ. ಶಾಲೆಯ ಗ್ರಂಥಪಾಲಕಿ ಸೇಡಿ ಡನ್‌ಹಿಲ್‌ಳನ್ನು ಪ್ರೀತಿಸುತ್ತಾನೆ. ಈ ಭಾಗ ಉದ್ದವಾಯಿತು, ಕಥೆ ನಿಂತುಹೋಯಿತು ಎಂಬ ದೂರಿದೆ. ನಾನು ಒಪ್ಪುವುದಿಲ್ಲ. ಭೂತಕಾಲ ಅವನಿಗೆ ಬರೀ ಅಪರಾಧ ನಡೆಯಲಿರುವ ಸ್ಥಳವಾಗಿದ್ದಷ್ಟು ದಿನ ಅದನ್ನು ತಿದ್ದುವುದು ಸುಲಭ. ಅದು ಊರಾಯಿತು, ಕೆಲಸವಾಯಿತು, ಪ್ರೀತಿಸಿದ ಹೆಂಗಸಾಯಿತು. ಏಪ್ರಿಲ್ 10ರ ರಾತ್ರಿ ವಾಕರ್ ಮನೆಯ ಬಳಿ ಅಡಗಿ ಆಸ್ವಾಲ್ಡ್ ಒಬ್ಬನೇ ಬಂದನೇ ಎಂದು ನೋಡಬೇಕಿದ್ದ ಜೇಕ್‌ಗೆ ಅದಾಗುವುದಿಲ್ಲ, ಏಕೆಂದರೆ ಅದೇ ದಿನ ಸೇಡಿಯ ಮೇಲೆ ಅವಳ ಮಾಜಿ ಗಂಡ ಚಾಕು ಹಿಡಿದು ಬಂದಿದ್ದಾನೆ. ವರ್ಷಗಟ್ಟಲೆ ಕಾದ ಸಾಕ್ಷ್ಯವನ್ನು ಬಿಟ್ಟು ಅವಳ ಕಡೆ ಓಡುತ್ತಾನೆ. ಪತ್ತೇದಾರ ಸೋತ, ಮನುಷ್ಯ ಗೆದ್ದ ಎಂದು ನಾನು ಆ ಅಧ್ಯಾಯವನ್ನು ಓದಿಕೊಂಡಿದ್ದೇನೆ.

ಆ ಕಾಲವನ್ನು ಕಿಂಗ್ ಬಹಳ ಮಮತೆಯಿಂದ ಬರೆದಿದ್ದಾರೆ. ಹತ್ತು ಸೆಂಟಿನ ರೂಟ್ ಬಿಯರ್ ಪಾನೀಯವನ್ನು ಜೇಕ್ ಮೊದಲ ಸಲ ಕುಡಿಯುವಾಗ ಅದರ ರುಚಿಗೆ ಬೆರಗಾಗುತ್ತಾನೆ, ಬಾಗಿಲಿಗೆ ಯಾರೂ ಬೀಗ ಹಾಕುವುದಿಲ್ಲ, ಅಪರಿಚಿತರು ನಂಬುತ್ತಾರೆ. ಹಳೆಯದೆಲ್ಲ ಚಿನ್ನ ಎಂದು ಓದುಗ ತಲೆದೂಗುವ ಹೊತ್ತಿಗೆ ಒಂದು ಪೆಟ್ರೋಲ್ ಬಂಕಿನ ದೃಶ್ಯ ಬರುತ್ತದೆ. ಗಂಡಸರಿಗೊಂದು, ಹೆಂಗಸರಿಗೊಂದು ಶೌಚಾಲಯ. ಕರಿಯರಿಗೆ ಎಂದು ಬರೆದ ಹಲಗೆಯ ಬಾಣದ ಗುರುತು ಮಾತ್ರ ಕಟ್ಟಡದ ಹಿಂದಕ್ಕೆ ಹೋಗುತ್ತದೆ. ಜೇಕ್ ಆ ಕಾಲುದಾರಿ ಹಿಡಿದು ಇಳಿದು ನೋಡುತ್ತಾನೆ. ಮೈಗೆ ತಾಗಿದರೆ ಬೊಬ್ಬೆಯೇಳುವ ವಿಷದ ಬಳ್ಳಿಗಳ ನಡುವೆ ಒಂದು ಹಳ್ಳ, ಅದರ ಮೇಲೆ ಅಡ್ಡ ಹಾಕಿದ ಒಂದು ಹಲಗೆ. ಅಷ್ಟೇ. ಬಸುರಿ ಹೆಂಗಸೊಬ್ಬಳು ಅಲ್ಲಿ ಹೇಗೆ ಕೂರುತ್ತಾಳೆ ಎಂದು ಯೋಚಿಸಬೇಕಾಗುತ್ತದೆ. ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದ ನಮ್ಮ ಊರುಗಳನ್ನು ಕಂಡವರಿಗೆ ಈ ಪುಟವನ್ನು ವಿವರಿಸಬೇಕಾಗಿಲ್ಲ.

ಇದೇ ಪುಟದಿಂದ ನಾನು ಇನ್ನೊಂದು ಕಾದಂಬರಿಯ ಕಡೆ ಹೊರಳಬೇಕು. ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ 1979ರಲ್ಲಿ ಬಂತು. ಅದರ ನಾಯಕಿ ಡೇನಾ 1976ರ ಕ್ಯಾಲಿಫೋರ್ನಿಯಾದ ಕಪ್ಪು ಹೆಂಗಸು, ಲೇಖಕಿ. ತನ್ನ ಇಚ್ಛೆಯಿಲ್ಲದೆ ಹತ್ತೊಂಬತ್ತನೇ ಶತಮಾನದ ಮೇರಿಲ್ಯಾಂಡಿನ ತೋಟಕ್ಕೆ ಎಳೆಯಲ್ಪಡುತ್ತಾಳೆ. ಅಲ್ಲಿ ಅವಳು ಗುಲಾಮಳು. ಜೀತದೊಡೆಯನ ಮಗ ರೂಫಸ್‌ನ ಪ್ರಾಣವನ್ನು ಅವಳೇ ಮತ್ತೆ ಮತ್ತೆ ಉಳಿಸಬೇಕು, ಏಕೆಂದರೆ ಅವನಿಂದ ಹುಟ್ಟುವ ಮಗುವೇ ಅವಳ ವಂಶದ ಮೂಲ. ಕೆಟ್ಟದ್ದನ್ನು ತಡೆದರೆ ತಾನೇ ಹುಟ್ಟುವುದಿಲ್ಲ. ಕೊನೆಗೆ ತನ್ನ ಒಂದು ತೋಳನ್ನು ಆ ಕಾಲದಲ್ಲಿ ಕಳೆದುಕೊಂಡು ಮರಳುತ್ತಾಳೆ. ಜೇಕ್ ಬಿಳಿಯ, ಗಂಡಸು, ಮೇಷ್ಟ್ರು. 1958ಕ್ಕೆ ಇಳಿದರೆ ಟೋಪಿ ಹಾಕಿಕೊಂಡು ಬೀದಿಯಲ್ಲಿ ನಡೆದುಹೋಗಬಲ್ಲ. ಡೇನಾಗೆ ಅದಿಲ್ಲ. ಹಿಂದಿನ ಕಾಲಕ್ಕೆ ಮರಳುವ ಆಸೆ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ ಎಂಬುದನ್ನು ಬಟ್ಲರ್ ಕಿಂಗ್‌ರಿಗಿಂತ ಮೂರು ದಶಕ ಮೊದಲೇ ಬರೆದಿಟ್ಟರು. ‘11/22/63’ ಓದಿದವರು ‘ಕಿಂಡ್ರೆಡ್’ ಓದದೆ ಬಿಡಬಾರದು.

ಕೊನೆಯ ಭಾಗಕ್ಕೆ ಬರುತ್ತೇನೆ. ಜೇಕ್, ಸೇಡಿ ಇಬ್ಬರೂ ಆಸ್ವಾಲ್ಡ್ ಬಂದೂಕು ಹಿಡಿದು ಕಾದಿರುವ, ಪುಸ್ತಕದ ಗೋದಾಮಿನ ಆರನೇ ಮಹಡಿಗೆ ಓಡಿ ಹತ್ತುತ್ತಾರೆ. ಕೆನಡಿ ಉಳಿಯುತ್ತಾರೆ. ಆಸ್ವಾಲ್ಡ್‌ನ ಗುಂಡಿಗೆ ಸೇಡಿ ಸಾಯುತ್ತಾಳೆ. ಜೇಕ್ 2011ಕ್ಕೆ ಮರಳಿದರೆ ಕಾಣುವುದು ಹಾಳು ಸುರಿಯುವ ಲೋಕ: ಅಣುಯುದ್ಧ ನಡೆದಿದೆ, ಭೂಮಿ ಮೇಲಿಂದ ಮೇಲೆ ಕಂಪಿಸುತ್ತಿದೆ. ಗಾಲಿಕುರ್ಚಿಯಲ್ಲಿರುವ ಹ್ಯಾರಿ ಅವನಿಗೆ ನಡೆದದ್ದನ್ನೆಲ್ಲ ಹೇಳುತ್ತಾನೆ. ಇಲ್ಲಿ ಕಿಂಗ್ ದಾರಿ ತಪ್ಪಿದರು ಎಂದು ನನ್ನ ತೀರ್ಮಾನ. ಚುನಾವಣೆ, ಯುದ್ಧ, ಜನಾಂಗದ್ವೇಷ ಬೇರೆ ದಾರಿ ಹಿಡಿದವು ಎಂದರೆ ನಂಬಬಹುದು. ಭೂಕಂಪವನ್ನೇಕೆ ತರಬೇಕಿತ್ತು? ಭೂತಕಾಲವನ್ನು ಬದಲಿಸುವುದು ಸರಿಯೇ ಎಂಬುದು ಕಷ್ಟದ ನೈತಿಕ ಪ್ರಶ್ನೆ. ಬದಲಿಸಿದರೆ ಲೋಕವೇ ಸೀಳುತ್ತದೆ ಎಂದುಬಿಟ್ಟರೆ ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ. ಕೆನಡಿ ಬದುಕಿದ್ದು ಲೋಕ ಒಂದಿಷ್ಟು ಒಳ್ಳೆಯದಾಗಿದ್ದರೂ ಸೇಡಿಗಾಗಿ ಜೇಕ್ ಅದನ್ನು ಅಳಿಸಿಬಿಡುತ್ತಿದ್ದನೇ? ಕಾದಂಬರಿ ಇದನ್ನು ಕೇಳಬೇಕಿತ್ತು.

ಅಳಿಸಲು ಅವನು ಮತ್ತೆ ಇಳಿಯುತ್ತಾನೆ. ಸೇಡಿ ಈಗ ಬದುಕಿದ್ದಾಳೆ, ಆದರೆ ಅವಳಿಗೆ ಜೇಕ್ ಯಾರೆಂದೇ ಗೊತ್ತಿಲ್ಲ. ಅವಳ ಹತ್ತಿರ ಹೋದರೆ ಎಲ್ಲ ಮತ್ತೆ ಶುರುವಾಗುತ್ತದೆ. ಹೋಗದೆ ಮರಳುತ್ತಾನೆ. ತನ್ನ ಕಾಲದ ಜೋಡಿ ಊರಿಗೆ ಬಂದು, ಎಂಬತ್ತರ ಹತ್ತಿರದ, ಊರೆಲ್ಲ ಗೌರವಿಸುವ ಸೇಡಿಯನ್ನು ಒಂದು ಸಮಾರಂಭದಲ್ಲಿ ಕಂಡು ತನ್ನೊಡನೆ ಕುಣಿಯಲು ಕೇಳುತ್ತಾನೆ. ಕಿಂಗ್ ಮೊದಲು ಬೇರೆ ರೀತಿ ಮುಗಿಸಿದ್ದರು. ಈ ಮುಕ್ತಾಯದ ಹಿಂದೆ ಅವರ ಮಗ, ಕಾದಂಬರಿಕಾರ ಜೋ ಹಿಲ್ ಅವರ ಸಲಹೆಯಿದೆ.

ಈ ಕುಣಿತದ ದೃಶ್ಯ ನನಗೆ ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ನೆನಪಿಸುತ್ತದೆ. ನಮ್ಮ ಪುರಾಣಗಳಲ್ಲಿ ಕಾಲದಲ್ಲಿ ಮುಂದಕ್ಕೆ ಹೋದವರಿದ್ದಾರೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ ತುಸು ಹೊತ್ತು ಕಾದು ನಿಂತಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು ಎಂದು ಭಾಗವತ ಹೇಳುತ್ತದೆ. ಹಿಂದಕ್ಕೆ ಹೋಗಿ ತಿದ್ದುವ ಕಥೆ ಮಾತ್ರ ನನ್ನ ಓದಿಗೆ ಸಿಕ್ಕಿಲ್ಲ. ಅದರ ಬದಲು ವ್ಯಾಸರು ಇನ್ನೊಂದನ್ನು ಕೊಟ್ಟರು. ಯುದ್ಧ ಮುಗಿದು ವರ್ಷಗಳಾದ ಮೇಲೆ, ಕಾಡಿನಲ್ಲಿ ಮಕ್ಕಳಿಗಾಗಿ ಕೊರಗುವ ಧೃತರಾಷ್ಟ್ರ, ಗಾಂಧಾರಿ, ಕುಂತಿಯರ ಮುಂದೆ ಸತ್ತವರನ್ನೆಲ್ಲ ಗಂಗೆಯ ನೀರಿನಿಂದ ಒಂದು ರಾತ್ರಿಯ ಮಟ್ಟಿಗೆ ಎಬ್ಬಿಸುತ್ತಾರೆ. ಕರ್ಣ ತಮ್ಮಂದಿರನ್ನು ತಬ್ಬುತ್ತಾನೆ, ಕುರುಡ ತಂದೆ ಮಕ್ಕಳ ಮುಖ ನೋಡುತ್ತಾನೆ. ಬೆಳಗಾದರೆ ಎಲ್ಲರೂ ಮರಳಿ ಹೋಗುತ್ತಾರೆ. ಹದಿನೆಂಟು ದಿನದ ಯುದ್ಧದಲ್ಲಿ ಒಂದು ಬಾಣವೂ ಬದಲಾಗುವುದಿಲ್ಲ. ಬದಲಿಸಲು ಬಾರದ್ದನ್ನು ಒಂದು ಸಲ ಕಣ್ತುಂಬ ನೋಡಲು ಬಿಡುವುದು, ಅಲ್ಲಿ ವ್ಯಾಸರೂ ಇಲ್ಲಿ ಕಿಂಗ್ ಅವರೂ ಮಾಡಿದ್ದು ಅದನ್ನೇ. ಭೂಕಂಪದ ಪುಟಗಳಲ್ಲಿ ಸಡಿಲವಾದ ಕಾದಂಬರಿಯನ್ನು ಈ ಕೆಲವೇ ಪುಟಗಳು ಎತ್ತಿ ನಿಲ್ಲಿಸುತ್ತವೆ.

ಇಲ್ಲಿ ಬರೆಯುವ ಹಂಬಲದ ವಿದ್ಯಾರ್ಥಿಗಳು ಇರುವುದರಿಂದ ಒಂದು ಮನವಿ ಮಾಡಿ ಮುಗಿಸುತ್ತೇನೆ. ಈ ಪುಸ್ತಕಕ್ಕಾಗಿ ಕಿಂಗ್ ಸಂಶೋಧಕರೊಬ್ಬರನ್ನು ಜೊತೆಗಿಟ್ಟುಕೊಂಡು ಡಲ್ಲಾಸ್‌ಗೆ ಹೋದರು, ಆಸ್ವಾಲ್ಡ್ ಇದ್ದ ಮನೆಗಳನ್ನು ನೋಡಿದರು, ಅಂದಿನ ಬೆಲೆ, ಕಾರು, ಹಾಡು ಎಲ್ಲವನ್ನೂ ಕಲೆಹಾಕಿದರು. ಓದಿ ಮುಗಿಸಿದ ಮೇಲೆ, ಆಸ್ವಾಲ್ಡ್ ಒಬ್ಬನೇ ಮಾಡಿದ ಎಂಬ ಬಗ್ಗೆ ತಮಗೆ ಬಹುತೇಕ ಅನುಮಾನ ಉಳಿದಿಲ್ಲ ಎಂದು ಪುಸ್ತಕದ ಕೊನೆಯ ಮಾತಿನಲ್ಲಿ ನೇರವಾಗಿ ಬರೆದರು. ಕನ್ನಡದಲ್ಲಿ ಕಾಲಯಾನದ ಪತ್ತೇದಾರಿ ಬರೆಯುವವರು ರಾಜರ, ಪ್ರಧಾನಿಗಳ ತಾರೀಖನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಒಂದು ಮನೆಯ ಪಾಲಿಗೆ ಎಲ್ಲವೂ ಮುಗಿದುಹೋದ ಒಂದು ದಿನವನ್ನು ಆರಿಸಿಕೊಳ್ಳಿ. ಆ ದಿನದ ಬಸ್ ಚಾರ್ಜು ಎಷ್ಟು, ಹೋಟೆಲಿನಲ್ಲಿ ಕಾಫಿಗೆ ಎಷ್ಟು, ಟೆಂಟ್ ಸಿನಿಮಾದಲ್ಲಿ ಯಾವ ಚಿತ್ರ, ಯಾರಿಗೆ ಒಳಗೆ ಬೆಂಚು, ಯಾರಿಗೆ ಹೊರಗೆ ನೆಲ ಎಂಬುದನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ, ಇನ್ನೂ ಇರುವ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹ್ಯಾರಿ ಡನಿಂಗ್‌ನಂಥವರು ನಿಮ್ಮ ಶಾಲೆಯಲ್ಲೂ ಇದ್ದಾರೆ. ಅವರ ಒಂದು ಹಾಳೆ ಸಿಕ್ಕರೆ ಕಾದಂಬರಿ ಸಿಕ್ಕಂತೆಯೇ. ಬರೆದು ಮುಗಿಸಿ, ಪ್ರಕಟಿಸಿ. ಓದಲು ನಾವಿದ್ದೇವೆ.